ಬಾಗಲಕೋಟೆ ನವನಗರದ ಥೆರಪಿ ಕೇಂದ್ರ: ಅಜ್ಜಿಯನ್ನೂ ಒಳಗೆ ಕರೆಯುವ ಕಡೆ

ಬೌದ್ಧಿಕ ಅಂಗವೈಕಲ್ಯವಿರುವ ಮಗುವನ್ನು ಥೆರಪಿಗೆ ತಂದರೆ ತಾಯಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಬಾಗಿಲು ಹಾಕಿಕೊಳ್ಳುವುದು ಹಲವು ಕಡೆಯ ರೂಢಿ. ನವನಗರದ ಈ ಚಿಕ್ಕ ಕೇಂದ್ರದಲ್ಲಿ ಹಾಗಿಲ್ಲ. ವಾರಕ್ಕೆ ಎರಡು ಸಲ, 45 ನಿಮಿಷ. ಕೊನೆಯ 15 ನಿಮಿಷ ತಾಯಿಯೇ ಕಲಿಸಬೇಕು, ಥೆರಪಿಸ್ಟ್ ಪಕ್ಕದಲ್ಲಿ ಕೂತು ತಿದ್ದುತ್ತಾರೆ. ತಿಂಗಳಿಗೊಮ್ಮೆ ಅಪ್ಪ, ಅಜ್ಜಿ, ಒಡಹುಟ್ಟಿದವರು ಎಲ್ಲರೂ ಬರಬೇಕು.

ಆ ತಿಂಗಳ ಕೂಟಕ್ಕಾಗಿಯೇ ಇಲ್ಲಿಗೆ ಬರಬಹುದು. ಚಣ್ಣ ಹಾಕಿಕೊಳ್ಳುವುದನ್ನು ಇಲ್ಲಿ ಕೊನೆಯಿಂದ ಮೊದಲಿಗೆ ಕಲಿಸುತ್ತಾರೆ. ಎರಡೂ ಕಾಲು ತೂರಿಸಿ ಸೊಂಟದ ಹತ್ತಿರದವರೆಗೆ ದೊಡ್ಡವರು ಏರಿಸಬೇಕು, ಕೊನೆಯ ಎಳೆತ ಮಾತ್ರ ಮಗುವಿನದು. ಅದು ಕೈಗೆ ಹತ್ತಿದ ಮೇಲೆ ತೊಡೆಯಿಂದ, ಆಮೇಲೆ ಮೊಣಕಾಲಿನಿಂದ. ಪ್ರತಿ ಸಲವೂ ಕೆಲಸ ಮುಗಿಸುವುದು ಮಗುವೇ ಆದ್ದರಿಂದ ಹುರುಪು ಉಳಿಯುತ್ತದೆ. ಒಮ್ಮೆ ಹೇಳಿ, ಮನಸ್ಸಿನಲ್ಲೇ ಐದು ಎಣಿಸಿ, ಆಮೇಲಷ್ಟೇ ಕೈ ಹಚ್ಚಬೇಕು.

ಕೆಡುವುದು ಮನೆಯಲ್ಲಿ. ಶಾಲೆಗೆ ಹೊತ್ತಾಯಿತೆಂದು ಅಜ್ಜಿ ಅಕ್ಕರೆಯಿಂದ ತಾನೇ ತೊಡಿಸಿಬಿಡುತ್ತಾಳೆ. ಅವ್ವ ‘ಮ್ಯಾಲ ಎಳಿ’ ಅಂದರೆ ಅಪ್ಪ ‘ಹಾಕ್ಕೋ’ ಅನ್ನುತ್ತಾನೆ. ಮಗುವಿಗೆ ಅವು ಎರಡು ಬೇರೆ ಕೆಲಸ. ಅದಕ್ಕೇ ಕೂಟದಲ್ಲಿ ಎಲ್ಲರಿಗೂ ಒಂದೇ ಮಾತು ಗೊತ್ತುಮಾಡಿ ನೋಟ್‌ಬುಕ್ಕಿನಲ್ಲಿ ಬರೆಸುತ್ತಾರೆ. ಅಜ್ಜಿಯನ್ನು ಗದರುವುದಿಲ್ಲ, ಆಕೆಗೂ ಒಂದು ಪಾಲು ಕೊಡುತ್ತಾರೆ: ರೊಟ್ಟಿ ಮುರಿದು ಕೊಡುವುದು ಅಜ್ಜಿಯದು, ಪಲ್ಯ ಹಚ್ಚಿ ಬಾಯಿಗಿಡುವುದು ಮಗುವಿನದು. ಅಕ್ಕನನ್ನು ಎರಡನೇ ತಾಯಿ ಮಾಡಬೇಡಿ, ದಿನಕ್ಕೆ ಹತ್ತು ನಿಮಿಷ ಅವಳೊಬ್ಬಳಿಗೇ ಕೊಡಿ ಎಂದು ಹೆತ್ತವರ ಮುಖಕ್ಕೇ ಹೇಳುತ್ತಾರೆ. ಇಷ್ಟು ನೇರವಾಗಿ ಹೇಳುವವರು ಕಡಿಮೆ.

ಕೊರತೆಗಳಿವೆ. ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಮಾತ್ರ ತೆರೆದಿರುತ್ತದೆ. ಹುನಗುಂದ, ಬಾದಾಮಿ ಕಡೆಯಿಂದ ಬಸ್ಸಿಗೆ ಬರುವ ಅಪ್ಪಂದಿರಿಗೆ ಒಂದು ದಿನದ ಕೂಲಿ ಹೋಗುತ್ತದೆ, ಹಾಗಾಗಿ ಅವರು ಎರಡನೇ ಕೂಟಕ್ಕೇ ತಪ್ಪಿಸುತ್ತಾರೆ. ಭಾನುವಾರ ಒಂದು ಕೂಟ ಇಡಲೇಬೇಕು. ಸ್ಪೀಚ್ ಥೆರಪಿಸ್ಟ್ ಹದಿನೈದು ದಿನಕ್ಕೊಮ್ಮೆ ಬರುತ್ತಾರೆ, ಮಾತು ಬಾರದ ಮಕ್ಕಳಿಗೆ ಅದು ಸಾಲದು.

ಕಟ್ಟಿದ ಶುಲ್ಕಕ್ಕೆ ರಸೀದಿ ಕೇಳದಿದ್ದರೆ ಬರೀ ಚೀಟಿಯಲ್ಲಿ ಲೆಕ್ಕ ಬರೆದು ಕೊಡುತ್ತಾರೆ. ದಿನಾಂಕ, ಸಹಿ, ಮುದ್ರೆಯಿರುವ ರಸೀದಿಯನ್ನೇ ಕೇಳಿ ಪಡೆಯಿರಿ. ಇಂಥ ಅಂಗವೈಕಲ್ಯವಿರುವವರಿಗಾಗಿ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ಸಂಸ್ಥೆ ನಡೆಸುವ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ರಕ್ಷಣೆಯಿದೆ, ಥೆರಪಿಗೂ ಅದರೊಳಗೆ ಮಿತಿಯ ಪಾಲುಂಟು. ಆದರೆ ಮೊದಲು ನಾವು ಕಟ್ಟಿ ಆಮೇಲೆ ಪಡೆಯುವ ಹಣ ಅದು. ಬಿಲ್ಲಿನ ಮೂಲ ಪ್ರತಿ, ವೈದ್ಯರ ಚೀಟಿ ಇಲ್ಲದೆ ಸಿಗದು.

ಮೊದಲ ದಿನ ಯುಡಿಐಡಿ ಕಾರ್ಡ್ (ಸರ್ಕಾರ ಕೊಡುವ ಅಂಗವೈಕಲ್ಯದ ಗುರುತಿನ ಚೀಟಿ) ಜೊತೆ ಕಿವಿ ಪರೀಕ್ಷೆಯ ವರದಿಯನ್ನೂ ಒಯ್ಯಿರಿ. ಅಜ್ಜಿ ಮನೆಯಲ್ಲಿದ್ದರೆ ಅಂದೇ ಕರೆದುಕೊಂಡು ಹೋಗಿ.