ಸಹಿ ಮಾಡುವ ಮುಂಚೆ ಆ ಪ್ರಶ್ನೆ ಓದಿ: ಡೆಂಗಿ ಕ್ಲೇಮ್ ಕಳೆದುಕೊಂಡ ನಮ್ಮ ಕಥೆ

ಮೊನ್ನೆ ನಮ್ಮ ಓಣಿಯಲ್ಲಿ ಆಟಿಸಂ ಇರುವ ಮಗುವಿನ ಮನೆಗೆ ಒಬ್ಬ ಆರೋಗ್ಯ ವಿಮೆ ಏಜೆಂಟ್ ಬಂದಿದ್ದ. ಖಾಲಿ ಫಾರ್ಮಿಗೆ ಸಹಿ ಕೇಳುತ್ತಿದ್ದ. ನನ್ನ ಎದೆ ಧಸಕ್ಕೆಂದಿತು. 2023ರಲ್ಲಿ ನಮ್ಮ ಮನೆಯಲ್ಲೂ ಹೀಗೇ ಶುರುವಾಗಿದ್ದು.

ನಾವು ಗದಗ ಹತ್ತಿರದವರು. ಮಗನಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ. ವಾರಕ್ಕೆ ಎರಡು ಸಲ ಅವನನ್ನು ಬಸ್ಸಿನಲ್ಲಿ ಹುಬ್ಬಳ್ಳಿಗೆ ಫಿಸಿಯೋಥೆರಪಿಗೆ ಕರ್ಕೊಂಡು ಹೋಗ್ತೀನಿ. ಆ ಖರ್ಚು ಸ್ವಲ್ಪ ಹಗುರಾದೀತು ಅಂತ ಮನೆಮಂದಿಗೆಲ್ಲ ಸೇರಿ ಒಂದು ಪಾಲಿಸಿ ಮಾಡಿಸಿದೆವು. ಏಜೆಂಟ್ ಗುರುತಿನ ಹುಡುಗ. ಮಗನ ವಿಷಯ ಹೇಳಿದರೆ, "ಅಕ್ಕಾರ, ಅದನ್ನೆಲ್ಲ ಬರದ್ರ ಪಾಲಿಸಿ ಸಿಗೂದಿಲ್ರಿ. ನೀವು ಸಹಿ ಮಾಡ್ರಿ, ಉಳದದ್ದು ನಾ ತುಂಬತೇನಿ" ಅಂದ. ಥೆರಪಿ ಖರ್ಚೂ ಬರುತ್ತೆ ಅಂದ. ನಮ್ಮ ಮನೆಯವರು ನಂಬಿ ಸಹಿ ಹಾಕಿದರು.

ಥೆರಪಿಯ ಒಂದು ರೂಪಾಯಿಯೂ ಬರಲಿಲ್ಲ. ಆಸ್ಪತ್ರೆಗೆ ಅಡ್ಮಿಟ್ ಆದರೆ ಮಾತ್ರ ಕೊಡುವ ಪಾಲಿಸಿ ಅದು. ಹೋಗ್ಲಿ, ಕಷ್ಟಕಾಲಕ್ಕೆ ಆಗುತ್ತೆ ಅಂತ ಕಂತು ಕಟ್ಟುತ್ತಾ ಬಂದೆವು.

2024ರ ಮಳೆಗಾಲದಲ್ಲಿ ಮಗನಿಗೆ ಡೆಂಗಿ ಆಯಿತು. ಐದು ದಿನ ಆಸ್ಪತ್ರೆ. ಡಿಸ್ಚಾರ್ಜ್ ಚೀಟಿಯ ಮೊದಲ ಸಾಲಿನಲ್ಲೇ ಅವನಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ ಇದೆ ಅಂತ ಡಾಕ್ಟರ್ ಬರೆದಿದ್ದರು. ಬರೆಯಲೇಬೇಕಲ್ಲ. ಕಂಪನಿಯವರು ಅದೇ ಸಾಲು ಹಿಡಿದರು. ಕ್ಲೇಮ್ ಇಲ್ಲ, ಪಾಲಿಸಿಯೇ ರದ್ದು. ಡೆಂಗಿಗೂ ಅವನ ಕಾಲಿಗೂ ಏನು ಸಂಬಂಧ ಅಂತ ಜಗಳ ಮಾಡಿದೆ. ಆಗ ಫಾರ್ಮಿನ ಪ್ರತಿ ಕಳಿಸಿದರು. ಮನೆಯಲ್ಲಿ ಯಾರಿಗಾದರೂ ಅಂಗವಿಕಲತೆ ಇದೆಯಾ ಅಂತ ಪ್ರಶ್ನೆ. "ಇಲ್ಲ" ಅನ್ನೋ ಚೌಕದಲ್ಲಿ ನೀಲಿ ಇಂಕಿನ ರೈಟ್ ಮಾರ್ಕ್. ಅದೇ ಹಾಳೆಯ ಕೆಳಗೆ ನಮ್ಮ ಮನೆಯವರ ಸಹಿ. ನನ್ನ ಮಗ ಇದ್ದಾನೆ, ಅವನಿಗೆ ಕಷ್ಟ ಇದೆ, ಆದರೂ "ಇಲ್ಲ" ಅಂತ ನಾವೇ ಬರೆದುಕೊಟ್ಟ ಹಾಗಿತ್ತು. ಅವತ್ತು ರಾತ್ರಿ ಊಟ ಸೇರಲಿಲ್ಲ.

ಏಜೆಂಟ್ ಹೇಳಿದ್ದೂ ಸುಳ್ಳು. ಅಂಗವಿಕಲರಿಗೆಂದೇ ಒಂದು ಪಾಲಿಸಿ ಇಡಬೇಕು ಅಂತ ವಿಮಾ ಕಂಪನಿಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ 2023ರ ಫೆಬ್ರವರಿಯಲ್ಲೇ ಎಲ್ಲಾ ಆರೋಗ್ಯ ವಿಮಾ ಕಂಪನಿಗಳಿಗೆ ಹೇಳಿತ್ತು. ಇದ್ದದ್ದನ್ನು ಇದ್ದ ಹಾಗೆ ಬರೆಸಿ. ಮೊದಲೇ ಇರುವ ತೊಂದರೆಗೆ ಕಾಯುವ ಅವಧಿ (ಅಷ್ಟು ದಿನ ಆ ತೊಂದರೆಗೆ ದುಡ್ಡು ಕೊಡಲ್ಲ) ಹಾಕಬಹುದು, ಆದರೆ ಈಗ ಅದು 3 ವರ್ಷ ಮೀರುವಂತಿಲ್ಲ. ಪಾಲಿಸಿ ಕೈಗೆ ಬಂದ ಮೇಲೆ ಅದರ ಜೊತೆಗಿರುವ ಫಾರ್ಮಿನ ಪ್ರತಿ ಓದಿ. ತಪ್ಪು ಕಂಡರೆ ಕಂಪನಿಗೆ ಬರೆದು ತಿಳಿಸಿ. ಬೇಡ ಅನಿಸಿದರೆ 30 ದಿನದೊಳಗೆ ವಾಪಸ್ ಕೊಡಬಹುದು.

ಇನ್ನೊಂದು ತಪ್ಪು ನಮ್ಮದೇ. ವಿಮಾ ಕಂಪನಿ ಮೇಲಿನ ದೂರು ಕೇಳೋಕೆ ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ಮೊದಲು ಕಂಪನಿಗೆ ಲಿಖಿತ ದೂರು ಕೊಡಬೇಕು. ಅವರು ಆಗಲ್ಲ ಅಂದರೆ ಒಂದು ವರ್ಷದೊಳಗೆ ಓಂಬುಡ್ಸ್‌ಮನ್‌ಗೆ ಬರೆಯಬೇಕು. ನಾವು ಏಜೆಂಟನ ಹಿಂದೆ ಸುಮ್ನೆ ಅಲೆದು ಆ ವರ್ಷ ಕಳೆದುಬಿಟ್ಟೆವು.

ಕೊನೆಗೆ ದಾರಿ ತೋರಿಸಿದವರು ಪಂಚಾಯಿತಿಯ ವಿಆರ್‌ಡಬ್ಲ್ಯು, ಅಂದರೆ ಊರಿನ ಅಂಗವಿಕಲರಿಗೆ ನೆರವಾಗುವ ಪುನರ್ವಸತಿ ಕಾರ್ಯಕರ್ತರು. ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಅಂತ ಒಂದು ಆರೋಗ್ಯ ವಿಮೆ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹು ಅಂಗವಿಕಲತೆ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಮೆಡಿಕಲ್ ಟೆಸ್ಟ್ ಇಲ್ಲ. ನಾವು ಬಿಪಿಎಲ್ ಕಾರ್ಡಿನವರು, 250 ರೂಪಾಯಿ ಕಟ್ಟಿದೆವು. ಅಡ್ಮಿಟ್ ಆಗದೆ ಮಾಡಿಸುವ ಥೆರಪಿಗೂ ಒಂದು ಮಿತಿಯೊಳಗೆ ದುಡ್ಡು ಬರುತ್ತೆ. ಮೊದಲು ನಾವು ಕಟ್ಟಬೇಕು, ಆಮೇಲೆ ವಾಪಸ್. ಹಾಗಾಗಿ ಪ್ರತಿ ಬಿಲ್ಲಿನ ಜೊತೆ ಡಾಕ್ಟರ್ ಬರೆದುಕೊಟ್ಟ ಚೀಟಿಯನ್ನೂ ಪಿನ್ ಮಾಡಿಡಿ. ಮಾರ್ಚ್ 31ಕ್ಕೆ ಅವಧಿ ಮುಗಿಯುತ್ತೆ, ಅದಕ್ಕೂ ಮುಂಚೆಯೇ ರಿನ್ಯೂವಲ್ ಮಾಡಿಸಿ.

ಮೊನ್ನೆ ಆ ಮನೆಗೆ ಹೋಗಿ ನಮ್ಮ ಫಾರ್ಮಿನ ಪ್ರತಿ ತೋರಿಸಿದೆ. ಮಗುವಿನ ತಾಯಿ ನೀಲಿ ರೈಟ್ ಮಾರ್ಕ್ ನೋಡಿ, ಸಹಿ ಹಾಕದೆ ಪೆನ್ನು ಕೆಳಗಿಟ್ಟರು.