ಕರಾವಳಿಯಲ್ಲಿ ಐಷಾರಾಮಿ ಮನೆ ಕಟ್ಟಿಸುವವರು ಗಮನಿಸಿ: ಸೂರಿಲ್ಲದ ಮನೆ, ಹುಳಿ ತಾಳದ ಕಲ್ಲು

ಉಡುಪಿ, ಮಂಗಳೂರು ಕಡೆ ಇತ್ತೀಚೆಗೆ ಏಳುತ್ತಿರುವ ದುಬಾರಿ ಮನೆಗಳು ಬಹುಮಟ್ಟಿಗೆ ಒಂದೇ ಅಚ್ಚಿನವು: ಗೋಡೆಯಿಂದ ಒಂದಿಂಚೂ ಹೊರಚಾಚದ ಸಪಾಟು ತಾರಸಿ, ಸಜ್ಜವಿಲ್ಲದ ಕಿಟಕಿಗಳು, ನೆಲದಿಂದ ಚಾವಣಿಯವರೆಗೆ ಗಾಜು, ಒಳಗೆಲ್ಲ ಬಿಳಿಯ ಇಟಾಲಿಯನ್ ಮಾರ್ಬಲ್, ಬಾಲ್ಕನಿಗೆ ಹೊಳೆಯುವ ಸ್ಟೀಲ್ ರೇಲಿಂಗ್. ಕಡಲಿಗೆ ಸಮೀಪದಲ್ಲಿರುವ ನಮ್ಮ ಕುಟುಂಬದ ಜಾಗದಲ್ಲಿಯೂ ಅಂತಹದೇ ಮನೆ ಎದ್ದಿತು. ಗೃಹಪ್ರವೇಶದ ನಂತರದ ಮೊದಲ ಮಳೆಗಾಲದಲ್ಲೇ ಅದರ ದುರಸ್ತಿಯೂ ಆರಂಭವಾಯಿತು. ವಿನ್ಯಾಸ ಮಾಡಿದವರ ಮತ್ತು ಗುತ್ತಿಗೆದಾರರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇದೇ ನಕ್ಷೆಯನ್ನು ಇದೇ ಸಾಮಗ್ರಿಗಳೊಂದಿಗೆ ಮಾರುತ್ತಿರುವವರು ಅನೇಕರಿರುವುದರಿಂದ, ಹೆಸರಿಗಿಂತ ಸಾಮಗ್ರಿಯ ವಿವರವೇ ಓದುವವರಿಗೆ ಹೆಚ್ಚು ಉಪಯೋಗಕ್ಕೆ ಬಂದೀತು.

ಮೊದಲು ಕೈಕೊಟ್ಟದ್ದು ತಾರಸಿ. ಮಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಅದೂ ನೆಟ್ಟಗೆ ಬೀಳುವ ಮಳೆಯಲ್ಲ. ಪಡುವಣ ಗಾಳಿಗೆ ಓರೆಯಾಗಿ ಬಂದು ಗೋಡೆಗೇ ಬಡಿಯುವ ಮಳೆ. ಇಳಿಜಾರು ಮಾಡು, ಗೋಡೆಯಿಂದ ಎರಡು ಮೂರು ಅಡಿ ಮುಂದಕ್ಕೆ ಚಾಚಿದ ಸೂರು, ಅದರಡಿಯ ಜಗಲಿ ಎಂಬ ಹಳೆಯ ಏರ್ಪಾಡು ಈ ಮಳೆಯನ್ನು ಗೋಡೆಯಿಂದ ದೂರವಿಡಲೆಂದೇ ಬಂದದ್ದು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯುವುದಕ್ಕೆ ಮೊದಲು, ಮುಳಿಹುಲ್ಲು ಹೊದಿಸುತ್ತಿದ್ದ ಕಾಲದಲ್ಲಿಯೂ ಮಾಡಿಗೆ ಇಳಿಜಾರು ಇದ್ದೇ ಇತ್ತು. ನಮ್ಮ ನಕ್ಷೆಯಲ್ಲಿ ಇದೆಲ್ಲದರ ಸ್ಥಾನದಲ್ಲಿ ಪ್ಯಾರಪೆಟ್ಟಿನ ಹಿಂದೆ ಅಡಗಿದ ಸಣ್ಣದೊಂದು ಕಾಲುವೆಯೂ, ಅದರಿಂದ ಗೋಡೆಯೊಳಗೇ ಕೆಳಗಿಳಿಯುವ ಕೊಳವೆಯೂ ಇದ್ದವು. ಹೊರಗಿನಿಂದ ಪೈಪು ಕಾಣಬಾರದು ಎಂಬುದು ಬಿಟ್ಟರೆ ಇದಕ್ಕೆ ಬೇರೆ ಕಾರಣವಿರಲಿಲ್ಲ. ಪಕ್ಕದ ಹಲಸಿನ ಮರದ ಎಲೆಗಳು ಕೊಳವೆಯ ಬಾಯಿಗೆ ಕೂತವು, ನೀರು ತಾರಸಿಯ ಮೇಲೆ ಕೆರೆಯಂತೆ ನಿಂತಿತು, ಕೊಳವೆಯ ಜೋಡಣೆಯಲ್ಲಿ ಜಿನುಗಿದ ನೀರಿಗೆ ಕೆಳಗಿನ ಜಿಪ್ಸಂ ಫಾಲ್ಸ್ ಸೀಲಿಂಗ್ ನೆನೆದು ತುಂಡುತುಂಡಾಗಿ ಬಿತ್ತು. ಗೋಡೆಯೊಳಗಿನ ಕೊಳವೆ ಕೆಟ್ಟರೆ ಗೋಡೆಯನ್ನೇ ಒಡೆಯಬೇಕಾಗುತ್ತದೆ ಎಂಬುದನ್ನು ನಕ್ಷೆ ತೋರಿಸಿದ ದಿನ ಯಾರೂ ಹೇಳಿರಲಿಲ್ಲ.

ಪಡುವಣ ದಿಕ್ಕಿನ ದೊಡ್ಡ ಸ್ಲೈಡಿಂಗ್ ಬಾಗಿಲಿನ ಹಳಿಗಳೂ ಗಾಳಿಮಳೆಗೆ ತುಂಬಿ ಹಜಾರದೊಳಕ್ಕೆ ಹರಿದವು. ಬೇಸಿಗೆಯಲ್ಲಿ ಅದೇ ಗಾಜು ಮಧ್ಯಾಹ್ನದ ನಂತರದ ಬಿಸಿಲನ್ನು ಪೂರ್ತಿಯಾಗಿ ಒಳಕ್ಕೆ ಬಿಡುತ್ತದೆ. ದಪ್ಪ ಟಫನ್ಡ್ ಗಾಜು ಹಾಕಿದ್ದೇವೆಂದು ಗುತ್ತಿಗೆದಾರರು ಹೆಮ್ಮೆಯಿಂದ ಹೇಳಿದ್ದರು. ಆದರೆ ಆ ಗಾಜನ್ನು ಹದಗೊಳಿಸುವುದು ಬಲಕ್ಕಾಗಿ ಮತ್ತು ಒಡೆದಾಗ ಚೂಪಾದ ಚೂರುಗಳಾಗದಿರಲೆಂದು, ಬಿಸಿಲನ್ನು ತಡೆಯುವ ಗುಣ ಅದಕ್ಕೆ ಅಷ್ಟಾಗಿ ಇಲ್ಲ. ಅದಕ್ಕೆ ಬೇಕಾದ ಲೋ-ಇ ಲೇಪನದ (ಶಾಖವನ್ನು ಹಿಂದಕ್ಕೆ ತಿರುಗಿಸುವ ತೆಳುವಾದ ಲೇಪನ) ಎರಡು ಪದರಗಳ ಗಾಜಿನ ಮಾತನ್ನೇ ಅವರು ಎತ್ತಿರಲಿಲ್ಲ.

ಮಾರ್ಬಲ್ಲಿನ ವಿಷಯ ಇನ್ನೂ ದುಬಾರಿಯಾಯಿತು. ಮಾರ್ಬಲ್ ಎಂದರೆ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಗಿದರೆ ಅದರ ಮೇಲ್ಮೈ ಕರಗುತ್ತದೆ. ನಿಂಬೆ, ಹುಣಸೆ, ಪುನರ್ಪುಳಿ ಇಲ್ಲದ ಅಡುಗೆಮನೆ ನಮ್ಮ ಕಡೆ ಎಲ್ಲಿದೆ? ಅಡುಗೆಕಟ್ಟೆಯ ಮೇಲೆ ಚೆಲ್ಲಿದ ಪುನರ್ಪುಳಿ ಸಾರನ್ನು ಒರೆಸಿದ ಮೇಲೂ ಅಲ್ಲಿ ಹೊಳಪು ಹೋದ ಮಂಕು ಗುರುತು ಉಳಿಯಿತು. ಅದು ಕಲೆಯಲ್ಲ, ಕಲ್ಲೇ ಸವೆದದ್ದು. ಆದ್ದರಿಂದ ಯಾವ ಸೋಪಿನಿಂದಲೂ ಹೋಗುವುದಿಲ್ಲ, ಮತ್ತೆ ಪಾಲಿಶ್ ಮಾಡಿಸಲೇಬೇಕು. ಸೀಲರ್ ಹಚ್ಚಿದರೆ ಏನೂ ಆಗದೆಂದು ಮಾರಾಟಗಾರರು ಭರವಸೆ ಕೊಟ್ಟಿದ್ದರು. ಸೀಲರ್ ಎಣ್ಣೆ, ಅರಿಸಿನದಂತಹವು ಕಲ್ಲಿನೊಳಕ್ಕೆ ಇಳಿಯುವುದನ್ನು ತಡಮಾಡಿಸುತ್ತದೆಯೇ ಹೊರತು ಹುಳಿಯ ಕೆಲಸವನ್ನು ನಿಲ್ಲಿಸುವುದಿಲ್ಲ. ಬಚ್ಚಲುಮನೆಯಲ್ಲಿ ಇದೇ ಕೆಲಸವನ್ನು ಹೈಡ್ರೋಕ್ಲೋರಿಕ್ ಆಮ್ಲವಿರುವ ಟಾಯ್ಲೆಟ್ ಕ್ಲೀನರ್ ಮಾಡಿತು. ಅದಕ್ಕೆ ಮನೆಗೆಲಸದವರನ್ನು ದೂರುವುದು ಅನ್ಯಾಯ.

ನೆಲದ ತೊಂದರೆ ಬೇರೆಯದು. ಈ ತೆಳುವಾದ ಮಾರ್ಬಲ್ ಹಲಗೆಗಳು ಸಾಗಾಟದಲ್ಲಿ ಒಡೆಯದಿರಲೆಂದು ಅವುಗಳ ಹಿಂಬದಿಗೆ ಫೈಬರ್ ಬಲೆಯನ್ನು ರಾಳದಿಂದ ಅಂಟಿಸಿರುತ್ತಾರೆ. ಆ ರಾಳದ ಪದರಕ್ಕೆ ಸಾಮಾನ್ಯ ಸಿಮೆಂಟ್ ಗಾರೆ ಸರಿಯಾಗಿ ಹಿಡಿಯುವುದಿಲ್ಲ. ಹಲಗೆಗೆ ತಕ್ಕ ಅಂಟು ಬೇಕು, ಗಾರೆಯಲ್ಲೇ ಕೂರಿಸುವುದಾದರೆ ಬಿಳಿ ಸಿಮೆಂಟಾದರೂ ಬೇಕು. ನಮ್ಮಲ್ಲಿ ಬೂದು ಸಿಮೆಂಟಿನಲ್ಲಿ ಕೂರಿಸಿ, ಅಡಿಯ ತೇವ ಆರುವ ಮೊದಲೇ ಪಾಲಿಶ್ ಮುಗಿಸಿದರು. ಈಗ ಕೆಲವೆಡೆ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ, ಕೆಲವೆಡೆ ಬೂದು ನೆರಳು ಕಾಣುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟನ್ನೋ ಚಾಮರಾಜನಗರದ ಕಪ್ಪು ಕಲ್ಲನ್ನೋ ಹಾಕಬಾರದೇ ಎಂದು ನಮ್ಮ ತಂದೆಯವರು ಆರಂಭದಲ್ಲೇ ಕೇಳಿದ್ದರು. ಗಡಸುತನದ ಮೋಸ್ ಅಳತೆಯಲ್ಲಿ ಮಾರ್ಬಲ್ 3ರ ಆಸುಪಾಸಿನಲ್ಲಿದ್ದರೆ ಗ್ರಾನೈಟ್ 6ರಿಂದ 7ರಷ್ಟಿದೆ, ಹುಳಿಗೂ ಅದು ಸುಲಭವಾಗಿ ಬಗ್ಗುವುದಿಲ್ಲ. "ಅದೆಲ್ಲ ಈಗ ಯಾರೂ ಹಾಕುವುದಿಲ್ಲ ಸರ್" ಎಂಬ ಒಂದೇ ಮಾತಿನಲ್ಲಿ ವಿನ್ಯಾಸಕಾರರು ಆ ಪ್ರಶ್ನೆಯನ್ನು ಮುಗಿಸಿದರು.

ರೇಲಿಂಗಿನ ಮೇಲೆ ಚಹಾದ ಕಲೆಯಂತಹ ಕಂದು ಚುಕ್ಕೆಗಳೆದ್ದವು. ಕರಾರಿನಲ್ಲಿ ಬರೆದದ್ದು "ಎಸ್‌ಎಸ್ ರೇಲಿಂಗ್" (ಎಸ್‌ಎಸ್ ಎಂದರೆ ಸ್ಟೇನ್‌ಲೆಸ್ ಸ್ಟೀಲ್) ಎಂದಷ್ಟೇ. ಕಡಲ ಉಪ್ಪುಗಾಳಿಗೆ ಬೇಕಾದದ್ದು ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಂ ಎಂಬ ಲೋಹ ಇರುವ 316 ದರ್ಜೆಯ ಸ್ಟೀಲ್. ಬೆಲೆ ಕಡಿಮೆಯೆಂದು 304 ಹಾಕುತ್ತಾರೆ, ಕೆಲವರು ಇನ್ನೂ ಅಗ್ಗದ 202 ಹಾಕಿ 304 ಎನ್ನುತ್ತಾರೆ. ಅಯಸ್ಕಾಂತ ಹಿಡಿದು ನೋಡುವುದರಿಂದ ಈ ಮೋಸ ತಿಳಿಯುವುದಿಲ್ಲ, ಏಕೆಂದರೆ ಮೂರಕ್ಕೂ ಅದು ಸಾಮಾನ್ಯವಾಗಿ ಅಂಟುವುದಿಲ್ಲ.

ಎಲ್ಲಕ್ಕಿಂತ ಚಿಂತೆಯಾಗಿರುವುದು ಗಾರೆ ಮಾಡದೆ ಬಿಟ್ಟ ಎಕ್ಸ್‌ಪೋಸ್ಡ್ ಕಾಂಕ್ರೀಟ್ ಗೋಡೆ. ಅದು ಪಾಚಿಗಟ್ಟಿ ಕಪ್ಪಾದದ್ದನ್ನು ಸಹಿಸಬಹುದು, ಆದರೆ ಅಲ್ಲಲ್ಲಿ ತುಕ್ಕಿನ ಗೆರೆಗಳು ಇಳಿಯುತ್ತಿವೆ. ಕಾಂಕ್ರೀಟ್ ಕಟ್ಟಡಗಳಿಗಿರುವ ಭಾರತೀಯ ಮಾನದಂಡ ಐಎಸ್ 456, ಕರಾವಳಿಯ ವಾತಾವರಣಕ್ಕೆ ಒಡ್ಡಿಕೊಂಡ ಬಲವರ್ಧಿತ ಕಾಂಕ್ರೀಟಿಗೆ ಕನಿಷ್ಠ ಎಂ30 ಎಂಬ ಬಲದ ದರ್ಜೆಯನ್ನೂ, ಕಬ್ಬಿಣದ ಸರಳಿನ ಮೇಲೆ 45 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆಯನ್ನೂ ಕೇಳುತ್ತದೆ. ಇಲ್ಲಿ ಕೆತ್ತಿ ನೋಡಿದ ಕಡೆಯಲ್ಲೆಲ್ಲ ಹೊದಿಕೆ ಅದರ ಅರ್ಧದಷ್ಟೂ ಇರಲಿಲ್ಲ. "ಅದು ಮೆಂಟೇನೆನ್ಸ್ ವಿಷಯ ಸರ್" ಎಂದು ಗುತ್ತಿಗೆದಾರರು ಉತ್ತರಿಸಿದರು.

ಕೊಲ್ಲಿ ದೇಶಗಳಲ್ಲಿ ದುಡಿಯುತ್ತ ಊರಿನಲ್ಲಿ ಮನೆ ಕಟ್ಟಿಸುವವರು ಈ ಬಲೆಗೆ ಬೇಗ ಬೀಳುತ್ತಾರೆ, ಏಕೆಂದರೆ ಅವರು ಒಪ್ಪಿಗೆ ಕೊಡುವುದು ವಾಟ್ಸ್ಯಾಪಿನಲ್ಲಿ ಬಂದ ತ್ರೀಡಿ ಚಿತ್ರಕ್ಕೆ, ಮತ್ತು ಆ ಚಿತ್ರಗಳಲ್ಲಿ ಎಂದೂ ಮಳೆ ಬರುವುದಿಲ್ಲ. ತಾರಸಿಯ ಮೇಲೆ ಕಬ್ಬಿಣದ ಟ್ರಸ್ ಎಬ್ಬಿಸಿ ಶೀಟು ಹಾಕಿಸಿದ ಮೇಲೆ ನಮ್ಮ ಸೋರಿಕೆ ನಿಂತಿದೆ. ಈ ರಸ್ತೆಯಲ್ಲಿ ಇದೇ ಅಚ್ಚಿನ ಇನ್ನೂ ಹಲವು ಮನೆಗಳ ತಲೆಯ ಮೇಲೆ ಅಂತಹದೇ ಶೀಟು ಬಂದಿರುವುದನ್ನು ಯಾರು ಬೇಕಾದರೂ ನೋಡಬಹುದು.

ಕರಾರಿಗೆ ಸಹಿ ಹಾಕುವ ಮೊದಲು ಸ್ಟೀಲಿನ ದರ್ಜೆ, ಕಾಂಕ್ರೀಟಿನ ದರ್ಜೆ, ಸರಳಿನ ಹೊದಿಕೆ, ಗಾಜಿನ ಬಗೆ, ಕಲ್ಲು ಕೂರಿಸುವ ಅಂಟು ಇವೆಲ್ಲವನ್ನೂ ಬರಹದಲ್ಲಿ ಕೇಳಿ. ಮಾರ್ಬಲ್ಲೇ ಬೇಕೆನ್ನುವವರು ಅಂಗಡಿಯಿಂದ ಒಂದು ಪಾಲಿಶ್ ಮಾಡಿದ ತುಂಡನ್ನು ತಂದು, ಅರ್ಧ ನಿಂಬೆಹಣ್ಣನ್ನು ಅದರ ಮೇಲೆ ರಾತ್ರಿಯಿಡೀ ಮಗುಚಿಟ್ಟು ನೋಡಲಿ. ಗುತ್ತಿಗೆಯ ಮೊತ್ತದಲ್ಲಿ ಒಂದು ಭಾಗವನ್ನು, ಮನೆ ಮುಗಿದ ಮೇಲೆ ಒಂದು ಪೂರ್ಣ ಮಳೆಗಾಲ ಕಳೆಯುವವರೆಗೆ ತಡೆಹಿಡಿಯುವ ಷರತ್ತನ್ನು ಸೇರಿಸಿ. ಅದಕ್ಕೆ ಒಪ್ಪದ ಗುತ್ತಿಗೆದಾರರಿಗೆ ಮುಂಗಡ ಕೊಡಬೇಡಿ.