ನಾನಾವತಿ ಮೊಕದ್ದಮೆಯ ಜಾಡಿನಲ್ಲಿ ಮೂರೂವರೆ ಗಂಟೆ: ನಡಿಗೆ ಒಳ್ಳೆಯದು, ಆ ಟವೆಲ್ ಮಾತ್ರ ಬೇಡ

900 ರೂಪಾಯಿ ಕೊಟ್ಟು ಕೊಲೆ ನಡೆದ ಜಾಗ ನೋಡಲು ಯಾರಾದರೂ ಹೋಗುತ್ತಾರೆಯೇ ಎಂದು ತಂಗಿ ಕೇಳಿದಳು. ನಾನು ಹೋದೆ. ಮೂವತ್ತೊಂದು ವರ್ಷ ಮುಂಬೈಯ ಫೋರ್ಟಿನ ವಕೀಲರ ಕಚೇರಿಯಲ್ಲಿ ಸ್ಟೆನೋ ಆಗಿದ್ದವಳು ನಾನು. ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ನೌಕಾಪಡೆಯ ಅಧಿಕಾರಿ ಕೆ. ಎಂ. ನಾನಾವತಿಯ ಮೊಕದ್ದಮೆಯ ಸುಪ್ರೀಂ ಕೋರ್ಟ್ ತೀರ್ಪಿನ ಸಾಲುಗಳನ್ನು ಬೇರೆ ಬೇರೆ ವಾದಪತ್ರಗಳಲ್ಲಿ ಎಷ್ಟು ಸಲ ಟೈಪ್ ಮಾಡಿದ್ದೇನೋ ಲೆಕ್ಕವಿಲ್ಲ. ಆದರೆ ಅದರಲ್ಲಿ ಬರುವ ಜಾಗಗಳನ್ನು ಒಂದರ ನಂತರ ಒಂದಾಗಿ ಎಂದೂ ನೋಡಿರಲಿಲ್ಲ. ವೆಬ್ ಸರಣಿ ನೋಡಿ ಹುಚ್ಚು ಹತ್ತಿಸಿಕೊಂಡಿದ್ದ ತಮ್ಮನ ಮಗ ಎರಡು ಟಿಕೆಟ್ ಮಾಡಿಸಿ, "ಅತ್ತೆ, ನೀವು ಬಂದರೆ ನನಗೆ ಅರ್ಥವಾಗುತ್ತದೆ" ಎಂದ. ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹಿಡಿದು ಸಿಎಸ್‌ಎಂಟಿಯಲ್ಲಿ ಇಳಿದು ನಡೆದುಕೊಂಡು ಹೋದೆವು.

ಈ ನಡಿಗೆಯನ್ನು ನಡೆಸುವ ಸಂಸ್ಥೆಯ ಹೆಸರು ಬರೆಯುವುದಿಲ್ಲ. ಇಂಥ ನಡಿಗೆಗಳನ್ನು ಈಗ ಹಲವರು ನಡೆಸುತ್ತಾರೆ. 2016ರ ಹಿಂದಿ ಚಿತ್ರ ಮತ್ತು 2019ರ ಸರಣಿಯ ನಂತರ ಈ ಮೊಕದ್ದಮೆಯ ಬಗ್ಗೆ ಕುತೂಹಲ ಹೊಸದಾಗಿ ಚಿಗುರಿದೆ. ಘಟನೆ ನಡೆದದ್ದು 1959ರ ಏಪ್ರಿಲ್ 27ರಂದು, ಆದ್ದರಿಂದ ಆ ವಾರದ ಭಾನುವಾರ ವಿಶೇಷ ತಂಡ. ಹದಿನೆಂಟು ಜನರಿದ್ದೆವು. ಮೂವತ್ತು ದಾಟಿದವರು ನಾಲ್ಕೇ ಮಂದಿ.

ಮಧ್ಯಾಹ್ನ 3 ಗಂಟೆಗೆ ಧೋಬಿ ತಲಾವ್‌ನ ಮೆಟ್ರೊ ಚಿತ್ರಮಂದಿರದ ಎದುರು ಸೇರಬೇಕು. ಅಲ್ಲಿಂದ ಆರಂಭಿಸಿದ್ದಕ್ಕೆ ಮಾರ್ಗದರ್ಶಿಯನ್ನು ಮನಸಾರೆ ಮೆಚ್ಚುತ್ತೇನೆ. ಹೆಚ್ಚಿನವರು ಕಥೆಯನ್ನು ಗುಂಡಿನ ಸದ್ದಿನಿಂದ ಶುರುಮಾಡುತ್ತಾರೆ. ಈ ಹುಡುಗಿ ಮಕ್ಕಳಿಂದ ಶುರುಮಾಡಿದಳು. ನೌಕಾಪಡೆಯ ಕಮಾಂಡರ್ ಕಾವಸ್ ನಾನಾವತಿ ಊಟದ ಹೊತ್ತಿನಲ್ಲಿ ಹೆಂಡತಿ ಸಿಲ್ವಿಯಾ ಬಾಯಿಂದ ಪ್ರೇಮ್ ಅಹುಜಾ ಜೊತೆಗಿನ ಅವಳ ಸಂಬಂಧದ ವಿಷಯ ಕೇಳಿದ ಮೇಲೆ ಮಾಡಿದ ಮೊದಲ ಕೆಲಸ, ಹೆಂಡತಿಯನ್ನೂ ತನ್ನ ಇಬ್ಬರು ಮಕ್ಕಳನ್ನೂ ನೆರೆಮನೆಯ ಒಂದು ಮಗುವನ್ನೂ ಕಾರಿನಲ್ಲಿ ಕೂರಿಸಿಕೊಂಡು ಬಂದು ಸಿನಿಮಾಕ್ಕೆ ಬಿಟ್ಟದ್ದು. ಆಟ ಮುಗಿಯುವ 6 ಗಂಟೆಗೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಹೋದ. ತೀರ್ಪಿನಲ್ಲಿ ಇದು ಒಂದು ಸಾಲು. ಆ ಮೆಟ್ಟಿಲುಗಳ ಮುಂದೆ ನಿಂತು ಕೇಳಿದಾಗ ನನಗೆ ಬೇರೆಯೇ ಅನಿಸಿತು. ಮಾರ್ಗದರ್ಶಿ ಅಲ್ಲಿ ಎರಡು ನಿಮಿಷ ಸುಮ್ಮನಿದ್ದಳು. ಆ ಮೌನಕ್ಕೇ ಅರ್ಧ ದುಡ್ಡು ಸಂದಿತು ಎನ್ನುತ್ತೇನೆ.

ಅಲ್ಲಿಂದ ಮಿನಿ ಬಸ್. ಏಸಿ ಇದೆ, ಸೀಟು ಚೆನ್ನಾಗಿದೆ, ನೀರಿನ ಬಾಟಲಿ ಕೊಡುತ್ತಾರೆ. ಕಿವಿಗೆ ಹಾಕಿಕೊಳ್ಳಲು ಕೊಟ್ಟ ಯಂತ್ರ ಮಾತ್ರ ಕರ್ರೆನ್ನುತ್ತಿತ್ತು. ಎರಡು ಸಲ ಬದಲಾಯಿಸಿದರೂ ಸರಿಹೋಗಲಿಲ್ಲ, ಕೊನೆಗೆ ತೆಗೆದಿಟ್ಟು ಮುಂದಿನ ಸೀಟಿನಲ್ಲಿ ಕುಳಿತೆ.

ನೌಕಾಪಡೆಯ ಲಯನ್ ಗೇಟಿನ ಹೊರಗೆ ಐದು ನಿಮಿಷ ನಿಲ್ಲಿಸಿದರು. ಫೋಟೊ ತೆಗೆಯಬಾರದು ಎಂದು ಮೊದಲೇ ಎಚ್ಚರಿಸಿದ್ದು ಸರಿ. ನಾನಾವತಿ ಹಡಗಿಗೆ ಹೋಗಿ, ರಾತ್ರಿ ಒಬ್ಬನೇ ಅಹ್ಮದ್‌ನಗರಕ್ಕೆ ಕಾರಿನಲ್ಲಿ ಹೋಗಬೇಕಾಗಿದೆ ಎಂದು ಸುಳ್ಳು ಕಾರಣ ಹೇಳಿ ಒಂದು ರಿವಾಲ್ವರನ್ನೂ ಆರು ಗುಂಡುಗಳನ್ನೂ ಪಡೆದು ಕಂದು ಲಕೋಟೆಯಲ್ಲಿ ಇಟ್ಟುಕೊಂಡ ಸಂಗತಿಯನ್ನು ಇಲ್ಲಿ ಹೇಳಿದರು. ಹಡಗಿನ ಹೆಸರು ಹೇಳಲಿಲ್ಲ. ನಾನೇ ಹೇಳಿದೆ: ಐಎನ್‌ಎಸ್ ಮೈಸೂರು. ಬ್ರಿಟಿಷರಿಂದ ಕೊಂಡು 1957ರಲ್ಲಿ ನಮ್ಮ ನೌಕಾಪಡೆಗೆ ಸೇರಿಸಿದ ಯುದ್ಧನೌಕೆ, ನಾನಾವತಿ ಅದರಲ್ಲಿ ಎರಡನೆಯ ಅಧಿಕಾರಿ. ನಮ್ಮ ಅಪ್ಪ ಈ ಮೊಕದ್ದಮೆಯನ್ನು "ಮೈಸೂರು ಹಡಗಿನವನ ಕೇಸು" ಎಂದೇ ಕರೆಯುತ್ತಿದ್ದರು.

ಅಪ್ಪನ ವಿಷಯ ಹೇಳದೆ ಮುಂದಿನ ಮಾತು ಅರ್ಥವಾಗುವುದಿಲ್ಲ. 1959ರಲ್ಲಿ ಅವರಿಗೆ ಹದಿನೇಳು ವರ್ಷ. ಕುಂದಾಪುರದ ಕಡೆಯಿಂದ ಬಂದು ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಮಾಣಿಯಾಗಿದ್ದರು, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗುತ್ತಿದ್ದರು. ಆ ವರ್ಷ ವಿಚಾರಣೆ ನಡೆಯುವಾಗ ಆರ್. ಕೆ. ಕರಂಜಿಯಾ ಅವರ ಬ್ಲಿಟ್ಜ್ ವಾರಪತ್ರಿಕೆಗೆ ಎಲ್ಲಿಲ್ಲದ ಬೇಡಿಕೆ. 25 ಪೈಸೆಯ ಪ್ರತಿ ಎರಡು ರೂಪಾಯಿಗೆ ಮಾರಾಟವಾಗುತ್ತಿತ್ತು. ಹೋಟೆಲಿನ ಗಲ್ಲಾದ ಮೇಲಿನ ಒಂದೇ ಪ್ರತಿ ಕಾಫಿ ಕಲೆಯಾಗಿ, ಮಡಿಕೆ ಹರಿದು, ಕೈಯಿಂದ ಕೈಗೆ ಹೋಗುತ್ತಿತ್ತಂತೆ. ಬೀದಿ ವ್ಯಾಪಾರಿಗಳು "ಅಹುಜಾ ಟವೆಲ್" ಎಂದು ಕೂಗಿ ಟವೆಲ್ ಮಾರುತ್ತಿದ್ದರು, "ನಾನಾವತಿ ರಿವಾಲ್ವರ್" ಎಂದು ಆಟಿಕೆ ಪಿಸ್ತೂಲು ಮಾರುತ್ತಿದ್ದರು. ಅಪ್ಪ ಅಂಥದೊಂದು ಬೈರಾಸು ಕೊಂಡರು. ಕೋಣೆಯಲ್ಲಿದ್ದ ಎಂಟು ಹುಡುಗರೂ ನಕ್ಕರಂತೆ. ಮುಪ್ಪಿನಲ್ಲಿ ಒಮ್ಮೆ ಈ ಕಥೆ ಹೇಳುವಾಗ ಅವರು, "ಸತ್ತವನಿಗೆ ಒಬ್ಬಳು ಅಕ್ಕನೋ ತಂಗಿಯೋ ಇದ್ದಳು. ನಾವು ಅದನ್ನು ಯೋಚಿಸಲೇ ಇಲ್ಲ" ಎಂದರು. ಆ ಮಾತು ನನ್ನಲ್ಲಿ ಉಳಿದಿದೆ.

ಪೆಡ್ಡರ್ ರಸ್ತೆಯಲ್ಲಿ ಬಸ್ ನಿಲ್ಲಲಿಲ್ಲ. ಅಹುಜಾನ ಕಾರು ಮಾರಾಟದ ವ್ಯವಹಾರ, ಯೂನಿವರ್ಸಲ್ ಮೋಟಾರ್ಸ್, ಇದ್ದದ್ದು ಆ ರಸ್ತೆಯಲ್ಲಿ. ನಾನಾವತಿ ಮೊದಲು ಅಲ್ಲಿಗೇ ಹೋಗಿ, ಅವನು ಇಲ್ಲವೆಂದು ತಿಳಿದು ಮನೆಗೆ ಹೋದ. ನಂತರ ನೇಪಿಯನ್ ಸೀ ರಸ್ತೆಯಿಂದ ಸೆಟಲ್ವಾಡ್ ರಸ್ತೆಗೆ. ಜೀವನ್ ಜ್ಯೋತ್ ಕಟ್ಟಡದಲ್ಲಿ ಆಗ ಅಹುಜಾ ತನ್ನ ಸಹೋದರಿ ಮಾಮಿಯೊಂದಿಗೆ ವಾಸವಾಗಿದ್ದ.

ನನಗೆ ಬೇಸರ ಶುರುವಾದದ್ದು ಇಲ್ಲಿ. ಅದು ಜನ ಸಂಸಾರ ಮಾಡಿಕೊಂಡಿರುವ ಬೀದಿ. ಬಟ್ಟೆ ಒಣಹಾಕಿದ ಬಾಲ್ಕನಿಗಳು, ತರಕಾರಿ ಚೀಲ ಹಿಡಿದು ಒಳಗೆ ಹೋಗುವ ಅಜ್ಜಿ. ಅಲ್ಲಿ ಬಿಳಿ ಸಮವಸ್ತ್ರದ ನಟನೊಬ್ಬ ಲಕೋಟೆ ಹಿಡಿದು ಬಂದು, ಧ್ವನಿವರ್ಧಕದಲ್ಲಿ ಗುಂಡಿನ ಸದ್ದು ಹಾಕಿ, ಮೂರು ಸಲ ಬೆಚ್ಚಿಬೀಳಿಸಿದರು. ಮೇಲಿನ ಕಿಟಕಿಯೊಂದು ಧಡಾರನೆ ಮುಚ್ಚಿಕೊಂಡಿತು. ಕಾವಲುಗಾರ ಬಂದು ಹಿಂದಿಯಲ್ಲಿ ಗದರಿದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅಲ್ಲಿ ಯಾರಾದರೂ ಹೃದ್ರೋಗಿ ಮಲಗಿರಬಹುದು, ಪರೀಕ್ಷೆಗೆ ಓದುವ ಮಗುವಿರಬಹುದು. ಸಂಸ್ಥೆಯವರು ಈ ನಾಟಕವನ್ನು ಕೂಡಲೇ ನಿಲ್ಲಿಸಬೇಕು. ಬಸ್ಸಿನೊಳಗೆ ಕೂರಿಸಿ ಹೇಳಿದರೂ ಆ ಬೀದಿ ಕಣ್ಣಿಗೆ ಕಾಣುತ್ತದೆ.

ಅದಾದ ಮೇಲೆ ಎಲ್ಲರ ಕೈಗೂ ಒಂದೊಂದು ಪೊಟ್ಟಣ ಕೊಟ್ಟರು. ಬಿಚ್ಚಿದರೆ ಕರವಸ್ತ್ರದಷ್ಟು ಅಗಲದ ಬಿಳಿ ಟವೆಲ್. ಅಂಚಿನಲ್ಲಿ ಕೆಂಪು ದಾರದಿಂದ ಅಹುಜಾ ಎಂದು ಕಸೂತಿ. ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ, ರಕ್ತ ಎಂದುಕೊಳ್ಳಬೇಕೇನೋ. ಜನ ನಕ್ಕರು, ಹೆಗಲಿಗೆ ಹಾಕಿಕೊಂಡು ಫೋಟೊ ತೆಗೆಸಿಕೊಂಡರು. ಅರವತ್ತು ವರ್ಷ ದಾಟಿದ ಮೇಲೂ ಅದೇ ಬೈರಾಸು, ಅದೇ ನಗು.

ನನ್ನ ಸಿಟ್ಟು ಸಭ್ಯತೆಯ ಪ್ರಶ್ನೆಗೆ ಮಾತ್ರ ಸೇರಿದ್ದಲ್ಲ. ಆ ಟವೆಲ್ ಈ ಮೊಕದ್ದಮೆಯ ಮುಖ್ಯ ಸಾಕ್ಷ್ಯಗಳಲ್ಲಿ ಒಂದು. ಹೆಂಡತಿಯ ಮಾನಕ್ಕಾಗಿ ಗುಂಡು ಹಾರಿಸಿದ ಗಂಡ ಎಂದು ಜನ ಇಂದಿಗೂ ತಿಳಿದಿದ್ದಾರೆ. ಆದರೆ ನ್ಯಾಯಾಲಯದಲ್ಲಿ ಆರೋಪಿಯ ಪರ ವಕೀಲ ಕಾರ್ಲ್ ಖಂಡಾಲಾವಾಲಾ ಮಂಡಿಸಿದ ಮುಖ್ಯ ವಾದ ಅದಲ್ಲ. ಇಬ್ಬರ ನಡುವೆ ಕೈಕೈ ಹತ್ತಿ, ರಿವಾಲ್ವರಿಗಾಗಿ ಎಳೆದಾಡುವಾಗ ಗುಂಡು ಆಕಸ್ಮಿಕವಾಗಿ ಹಾರಿತು ಎನ್ನುವುದು ಅವರ ವಾದ. ಸ್ನಾನ ಮುಗಿಸಿ ಬಂದಿದ್ದ ಅಹುಜಾನ ಸೊಂಟದಲ್ಲಿ ಇದ್ದದ್ದು ಒಂದು ಟವೆಲ್. ಅವನು ಸತ್ತು ಬಿದ್ದಿದ್ದಾಗ ಅದು ಸುತ್ತಿದಂತೆಯೇ ಇತ್ತು. ಇಬ್ಬರು ಗಂಡಸರು ಜೀವದ ಹಂಗು ತೊರೆದು ಗುದ್ದಾಡಿದ್ದರೆ ಸೊಂಟದ ಟವೆಲ್ ಸಡಿಲವಾಗದೆ ಉಳಿಯುತ್ತದೆಯೇ? ಸುಪ್ರೀಂ ಕೋರ್ಟ್ ಕೂಡ ಇದನ್ನು ಗಮನಿಸಿತು. ಬಾಯಿ ಸತ್ತವನ ಪರವಾಗಿ ಆ ತುಂಡು ಬಟ್ಟೆ ಮಾತಾಡಿತು. ಅದನ್ನೇ ಗೇಲಿಯ ವಸ್ತು ಮಾಡಿ ಹಂಚಿದರೆ ಮೊಕದ್ದಮೆಯ ಬೆನ್ನೆಲುಬನ್ನೇ ಮುರಿದಂತಾಯಿತು. ಮಾರ್ಗದರ್ಶಿ ಈ ಅಂಶವನ್ನು ಒಂದೇ ಒಂದು ಸಲವೂ ಹೇಳಲಿಲ್ಲ. ನಾನು ಬಸ್ಸಿನಲ್ಲಿ ಹೇಳಿದಾಗ ಟವೆಲ್ ಹೆಗಲಿಗೆ ಹಾಕಿಕೊಂಡಿದ್ದ ಒಬ್ಬ ಹುಡುಗ ಅದನ್ನು ತೆಗೆದು ಮಡಚಿ ಚೀಲಕ್ಕೆ ಹಾಕಿದ.

ಕೊನೆಯ ನಿಲ್ದಾಣ ಓವಲ್ ಮೈದಾನ, ಹೈಕೋರ್ಟಿನ ಕಲ್ಲು ಕಟ್ಟಡದ ಎದುರು. ಬಿಸಿಲು ಇಳಿದಿತ್ತು, ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಇಲ್ಲಿ ಮಾರ್ಗದರ್ಶಿ ತನ್ನ ನಿಜವಾದ ತಯಾರಿ ತೋರಿಸಿದಳು. ಜ್ಯೂರಿಯ, ಅಂದರೆ ಆರೋಪಿ ತಪ್ಪಿತಸ್ಥನೇ ಎಂದು ಹೇಳಲು ಕೂರಿಸಿದ ಸಾಮಾನ್ಯ ನಾಗರಿಕರ, ಒಂಬತ್ತು ಮಂದಿಯಲ್ಲಿ ಎಂಟು ಜನ ತಪ್ಪಿತಸ್ಥನಲ್ಲ ಎಂದದ್ದು, ಸೆಷನ್ಸ್ ನ್ಯಾಯಾಧೀಶ ಆರ್. ಬಿ. ಮೆಹ್ತಾ ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದ್ದು, ಹೈಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟದ್ದು, 1960ರ ಮಾರ್ಚ್ 11ರಂದು ಆ ತೀರ್ಪು ಬಂದ ದಿನವೇ ರಾಜ್ಯಪಾಲರು ಶಿಕ್ಷೆಯನ್ನು ಅಮಾನತಿನಲ್ಲಿಟ್ಟದ್ದು, ಎಲ್ಲವನ್ನೂ ಕೈಯಲ್ಲಿ ಚೀಟಿಯಿಲ್ಲದೆ ಹೇಳಿದಳು. ಒಂದು ತಿದ್ದುಪಡಿ: ಇದು ಭಾರತದ ಕಟ್ಟಕಡೆಯ ಜ್ಯೂರಿ ವಿಚಾರಣೆ ಎಂದದ್ದು ತಪ್ಪು. ಜ್ಯೂರಿ ಪದ್ಧತಿ ಸಾಯಲು ಈ ಪ್ರಕರಣ ಒಂದು ನೆಪವಾಯಿತು ಎನ್ನಬಹುದು. ಆದರೆ ಇದರ ನಂತರವೂ ದೇಶದಲ್ಲಿ ಜ್ಯೂರಿಗಳು ಕುಳಿತಿವೆ, 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅವುಗಳಿಗೆ ಜಾಗವಿಲ್ಲದಂತಾಯಿತು.

ಆಮೇಲೆ ಚೀಟಿ ಎತ್ತಿ ನಮ್ಮಲ್ಲೇ ಒಂಬತ್ತು ಮಂದಿಯ ಜ್ಯೂರಿ ಮಾಡಿದರು. ನನ್ನ ಹೆಸರೂ ಬಂತು. ಮತಪತ್ರದ ಮೇಲೆ ಮುದ್ರಿಸಿದ್ದ ಪ್ರಶ್ನೆ: ನಾನಾವತಿ ಮಾಡಿದ್ದು ಸರಿಯೇ? ಏಳು ಜನ ಸರಿ ಎಂದರು. ನಾನು ಮತ್ತು ಒಬ್ಬ ವೈದ್ಯಕೀಯ ವಿದ್ಯಾರ್ಥಿನಿ ಮಾತ್ರ ಇಲ್ಲ ಎಂದೆವು. ಚಪ್ಪಾಳೆ ಬಿತ್ತು, ಇತಿಹಾಸ ಮರುಕಳಿಸಿತು ಎಂದರು. ನಾನು ಎದ್ದು ನಿಂತು ಹೇಳಿದೆ: ಇದನ್ನು ಯಾವ ಜ್ಯೂರಿಗೂ ಕೇಳುವುದಿಲ್ಲ. ಗುಂಡು ಆಕಸ್ಮಿಕವಾಗಿ ಹಾರಿತೇ, ಉದ್ದೇಶಪೂರ್ವಕವೇ, ಆಕಸ್ಮಿಕ ಎನ್ನುವವರು ಅದನ್ನು ತೋರಿಸಿಕೊಟ್ಟರೇ ಎನ್ನುವುದು ಪ್ರಶ್ನೆ. ಅಂದಿನ ಜ್ಯೂರಿಗೂ ಕಾನೂನನ್ನು ಸರಿಯಾಗಿ ವಿವರಿಸಿರಲಿಲ್ಲ ಎಂದು ಮೇಲಿನ ನ್ಯಾಯಾಲಯ ಹೇಳಿತು, ನೀವೂ ಅದನ್ನೇ ಮಾಡುತ್ತಿದ್ದೀರಿ. ಮಾರ್ಗದರ್ಶಿ ಮುಖ ಕೆಂಪಗೆ ಮಾಡಿಕೊಂಡರೂ ವಾದಿಸಲಿಲ್ಲ. "ಸರಿಯಾದ ಪ್ರಶ್ನೆಯನ್ನು ನೀವೇ ಕೇಳಿ, ಮೇಡಂ" ಎಂದಳು. ಕೇಳಿದೆ. ಹಠಾತ್ ಪ್ರಚೋದನೆಯಿಂದ, ಅಂದರೆ ಸಿಟ್ಟಿನಲ್ಲಿ ಹಿಡಿತ ತಪ್ಪಿ, ಕೊಂದ ಎನ್ನುವ ಮಾತೂ ಬಂದಾಗ 1961ರ ನವೆಂಬರ್ 24ರ ಸುಪ್ರೀಂ ಕೋರ್ಟ್ ತೀರ್ಪಿನ ಲೆಕ್ಕ ಹೇಳಿದೆ: ಮನೆ ಬಿಟ್ಟದ್ದು ಮಧ್ಯಾಹ್ನ 1:30ಕ್ಕೆ, ಗುಂಡು ಹಾರಿದ್ದು 4:20ಕ್ಕೆ. ನಡುವೆ ಸಿನಿಮಾ ಮಂದಿರ, ಹಡಗು, ಅಂಗಡಿ. ನಾವು ಆಗ ತಾನೇ ಸುತ್ತಿಬಂದ ದಾರಿಯೇ ಆ ಹೊತ್ತು. ಮತ್ತೆ ಮತ ಹಾಕಿದಾಗ ಐದು ಜನ ತಪ್ಪಿತಸ್ಥ ಎಂದರು, ನಾಲ್ವರು ಅಲ್ಲ ಎಂದರು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ, ಕತ್ತಲಾಗುವವರೆಗೆ ವಾದ ನಡೆಯಿತು. ಇಡೀ ನಡಿಗೆಯಲ್ಲಿ ಅತ್ಯುತ್ತಮವಾದ ಇಪ್ಪತ್ತು ನಿಮಿಷ ಅದೇ.

ಇನ್ನೊಂದು ಕೊರತೆ. ಮಾಮಿ ಅಹುಜಾಗೆ ಈ ನಡಿಗೆಯಲ್ಲಿ ಸಿಕ್ಕಿದ್ದು ಒಂದೇ ವಾಕ್ಯ. ಗುಂಡು ಹಾರಿದಾಗ ಆಕೆ ಅದೇ ಮನೆಯಲ್ಲಿದ್ದಳು. ಊರೆಲ್ಲ ಆರೋಪಿಗೆ ಜೈಕಾರ ಹಾಕುವಾಗ ವಕೀಲ ರಾಮ್ ಜೇಠ್ಮಲಾನಿಯವರನ್ನು ಪ್ರಾಸಿಕ್ಯೂಷನ್ನಿಗೆ ನೆರವಾಗಲು ನೇಮಿಸಿಕೊಂಡವಳು ಆಕೆ. 1964ರಲ್ಲಿ ರಾಜ್ಯಪಾಲೆ ವಿಜಯಲಕ್ಷ್ಮಿ ಪಂಡಿತ್ ಕ್ಷಮಾದಾನ ಕೊಟ್ಟಾಗ ತನ್ನ ಆಕ್ಷೇಪವಿಲ್ಲ ಎಂದು ಒಪ್ಪಿಗೆ ಕೊಟ್ಟವಳೂ ಆಕೆಯೇ. ನಾನಾವತಿ 1968ರಲ್ಲಿ ಹೆಂಡತಿ ಮಕ್ಕಳೊಂದಿಗೆ ಕೆನಡಾಕ್ಕೆ ಹೋದದ್ದನ್ನು ಹತ್ತು ನಿಮಿಷ ಹೇಳುವವರು ಈಕೆಗೂ ಐದು ನಿಮಿಷ ಕೊಡಬೇಕಿತ್ತು.

ಹೋಗುವವರಿಗೆ: ಏಪ್ರಿಲ್‌ನಲ್ಲಿ ಬೇಡ, ಬಿಸಿಲು ಸುಡುತ್ತದೆ, ನವೆಂಬರ್ ನಂತರ ಹೋಗಿ. ಮಂಡಿನೋವಿರುವವರಿಗೂ ತೊಂದರೆಯಿಲ್ಲ, ಒಟ್ಟು ನಡೆಯುವುದು ಒಂದೂವರೆ ಕಿಲೋಮೀಟರಿಗಿಂತ ಹೆಚ್ಚಿಲ್ಲ. ಶೌಚಾಲಯವನ್ನು ಹೊರಡುವ ಮೊದಲೇ ನೋಡಿಕೊಳ್ಳಿ, ದಾರಿಯಲ್ಲಿ ನಿಲ್ಲಿಸುವುದಿಲ್ಲ. ಮೆಟ್ರೊ ಎದುರಿನ ಕಯಾನಿಯಲ್ಲಿ ಬನ್ ಮಸ್ಕಾ ತಿಂದು ಹೊರಟರೆ ಒಳ್ಳೆಯದು. ಸಂಸ್ಥೆಗೆ ಐದರಲ್ಲಿ ಮೂರು ಅಂಕ, ಆ ಮಾರ್ಗದರ್ಶಿಗೆ ನಾಲ್ಕೂವರೆ.

ಮಂಗಳವಾರ ಸಂಸ್ಥೆಯಿಂದ ಅಭಿಪ್ರಾಯ ಕೇಳಲು ಕರೆ ಬಂತು. ಟವೆಲಿಗೆ ಹಾಕುವ ದುಡ್ಡಿನಲ್ಲಿ ತೀರ್ಪಿನ ನಾಲ್ಕು ಪುಟ ಅಚ್ಚುಹಾಕಿಸಿ ಕೊಡಿ, ಯಾವ ನಾಲ್ಕು ಎಂದು ನಾನು ಗುರುತು ಹಾಕಿಕೊಡುತ್ತೇನೆ ಎಂದೆ. ಆ ಹುಡುಗಿಗೇ ಫೋನ್ ಕೊಟ್ಟರು. ಗುರುವಾರ ನಾನು ಫೋರ್ಟಿಗೆ ಹೋಗುವವಳಿದ್ದೇನೆ, ಪ್ರತಿ ತೆಗೆದಿಟ್ಟಿದ್ದೇನೆ.